ಮೇಷ್ಟ್ರ ಹೆಸರಿನಲ್ಲಿದ್ದ ಹಾಸ್ಟೆಲ್ ಜಾಗ: ಒಂದು ಪ್ರಕರಣ ಅಧ್ಯಯನ

ಇದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ನಡೆದದ್ದು. ತುಮಕೂರು–ತಿಪಟೂರು ರಸ್ತೆಯ ಆಸುಪಾಸು ಅಂತ ಇಟ್ಟುಕೊಳ್ಳಿ. ನಾನು ಊರವರ ಪರ ವಕೀಲ. ಯಾರ ಹೆಸರೂ ಹಾಕಿಲ್ಲ. ವಿಸ್ತೀರ್ಣ, ದುಡ್ಡು, ಇಸವಿ ಒಂದಿಷ್ಟು ಆಚೀಚೆ ಮಾಡಿದ್ದೇನೆ. ಕಾನೂನು ಮಾತ್ರ ಇದ್ದದ್ದು ಇದ್ದ ಹಾಗೇ.

ಹಿನ್ನೆಲೆ

1970ರ ದಶಕದ ಕೊನೆ. ಹೈಸ್ಕೂಲಿಗೆ ಹಳ್ಳಿ ಹುಡುಗರು ಪಟ್ಟಣಕ್ಕೆ ಬರಬೇಕು, ಬಸ್ಸು ದಿನಕ್ಕೆ ಎರಡು. ಒಬ್ಬ ಮೇಷ್ಟ್ರು ಏಳೆಂಟು ಹುಡುಗರನ್ನು ತಮ್ಮ ಮನೆಯ ಜಗಲಿಯಲ್ಲೇ ಮಲಗಿಸಿಕೊಳ್ಳುತ್ತಿದ್ದರು. ಜಗಲಿ ಸಾಲದಾದಾಗ ಸುತ್ತಲ ಹಳ್ಳಿಯವರು ಸೇರಿ ಒಂದು ಉಚಿತ ವಿದ್ಯಾರ್ಥಿ ನಿಲಯ ಮಾಡೋಣ ಎಂದು ಹೊರಟರು. ಸಮಿತಿ ಆಯಿತು, ಮೇಷ್ಟ್ರೇ ಕಾರ್ಯದರ್ಶಿ. ಸಮಿತಿಯನ್ನು ನೋಂದಣಿ ಮಾಡಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಸುಗ್ಗಿಯಲ್ಲಿ ಕಣ ಕಣಕ್ಕೂ ಹೋಗಿ ರಾಗಿ ಎತ್ತಿದರು. ತೋಟದವರು ಕೊಬ್ಬರಿ ಕೊಟ್ಟರು, ಅದನ್ನು ತಿಪಟೂರು ಮಾರುಕಟ್ಟೆಗೆ ಹಾಕಿದರು. ಒಂದು ರಾತ್ರಿ ಪೌರಾಣಿಕ ನಾಟಕ ಆಡಿ ಟಿಕೆಟ್ ಮಾರಿದರು. ಹೀಗೆ ಕೂಡಿದ ದುಡ್ಡಿನಲ್ಲಿ ಪಟ್ಟಣದ ಅಂಚಿನಲ್ಲಿ 1 ಎಕರೆ 4 ಗುಂಟೆ ಕೊಂಡರು. ನೋಂದಣಿ ಆಗದ ಸಮಿತಿಯ ಹೆಸರಿಗೆ ಕ್ರಯಪತ್ರ ಮಾಡಿಸುವುದು ಹೇಗೆ ಎಂದು ಗೊತ್ತಾಗದೆ ಮೇಷ್ಟ್ರ ಹೆಸರಿಗೇ ಮಾಡಿಸಿದರು. ಅದರಲ್ಲಿ ಹಾಸ್ಟೆಲ್ ಎಂಬ ಮಾತೇ ಇಲ್ಲ. ಪಕ್ಕದ 16 ಗುಂಟೆ ಒಬ್ಬ ಸಾಹುಕಾರರದು. ಅವರು ಅದನ್ನು ರಿಜಿಸ್ಟರ್ ದಾನಪತ್ರ ಮಾಡಿ ಕೊಟ್ಟರು. ಅದರಲ್ಲಿ ಮಾತ್ರ ‘ವಿದ್ಯಾರ್ಥಿ ನಿಲಯದ ಸಲುವಾಗಿ’ ಎಂದು ಸ್ಪಷ್ಟವಾಗಿ ಬರೆದಿತ್ತು.

ಹಾಸ್ಟೆಲ್ ಇಪ್ಪತ್ತೈದು ವರ್ಷ ನಡೆಯಿತು. ಆಮೇಲೆ ಸರ್ಕಾರಿ ಹಾಸ್ಟೆಲ್‌ಗಳು ಬಂದವು, ಹಳ್ಳಿಯಲ್ಲೇ ಹೈಸ್ಕೂಲಾಯಿತು, ಬಸ್ಸು ಜಾಸ್ತಿಯಾಯಿತು. 2004ರ ಹೊತ್ತಿಗೆ ಬಾಗಿಲು ಹಾಕಿತು. 2009ರಲ್ಲಿ ಮೇಷ್ಟ್ರು ತೀರಿಕೊಂಡರು. ಮಕ್ಕಳಿಬ್ಬರು ಎರಡೂ ತುಂಡಿಗೆ ಪೌತಿ ಖಾತೆ ಮಾಡಿಸಿಕೊಂಡರು, ಅಂದರೆ ತೀರಿಕೊಂಡವರ ಹೆಸರಿನಲ್ಲಿದ್ದ ಖಾತೆಯನ್ನು ವಾರಸುದಾರರಾಗಿ ತಮ್ಮ ಹೆಸರಿಗೆ ಬರೆಸಿಕೊಂಡರು. ರಸ್ತೆ ಕಡೆಯ ಭಾಗವನ್ನು ಟೈರ್ ಅಂಗಡಿಗೆ ಬಾಡಿಗೆಗೆ ಕೊಟ್ಟರು. 2017ರಲ್ಲಿ ಲೇಔಟ್ ಮಾಡುವವರೊಬ್ಬರ ಜೊತೆ ಅಗ್ರಿಮೆಂಟ್ ಆಯಿತು. ಊರಿಗೆ ಎಚ್ಚರವಾದದ್ದು ಆಗ.

ಮೂವರ ಮಾತು

ಮಕ್ಕಳು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರವರು ನನ್ನ ಆಫೀಸಿಗೆ ಬಂದಾಗ ‘ಕಳ್ಳರು’ ಎಂದೇ ಶುರು ಮಾಡಿದ್ದರು. ಹಿರಿಯ ಮಗ ಹೇಳಿದ್ದು ಇಷ್ಟು: "ಪತ್ರ ಅಪ್ಪನ ಹೆಸರಲ್ಲಿದೆ. ಸಂಬಳ ಬಂದ ದಿನ ಅರ್ಧ ದುಡ್ಡು ಹಾಸ್ಟೆಲಿನ ಅಕ್ಕಿಗೆ ಹೋಗುತ್ತಿತ್ತು. ಅಮ್ಮನ ಬಳೆ ಎರಡು ಸಲ ಗಿರವಿಗೆ ಹೋಗಿವೆ. ಆಗ ಈ ಊರವರು ಎಲ್ಲಿದ್ದರು ಸಾರ್?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೆಯವರು ಸಾಹುಕಾರರ ಮೊಮ್ಮಗ. "ತಾತ ಕೊಟ್ಟದ್ದು ಹಾಸ್ಟೆಲಿಗೆ. ಹಾಸ್ಟೆಲೇ ಇಲ್ಲವಲ್ಲ, ಜಾಗ ವಾಪಸ್ ಕೊಡಿ" ಎಂದರು. ಕೇಳಿದರೆ ನ್ಯಾಯ ಅನಿಸುವ ಮಾತು.

ಮೂರನೆಯವರು ಊರವರು: "ನಾವೆಲ್ಲ ಕೂಡಿ ಕೊಂಡದ್ದು, ಅದು ನಮ್ಮದು."

ಕಾನೂನಿನಲ್ಲಿ ಈ ಮೂರು ಮಾತಿಗೂ ಬೇರೆ ಬೇರೆ ಬಾಗಿಲಿದೆ. ಒಂದು ಕೆಲಸಕ್ಕೆಂದು ಕೊಟ್ಟದ್ದು ಆ ಕೆಲಸಕ್ಕೆ ಬಳಕೆಯಾಗದೆ ಉಳಿದರೆ ಕೊಟ್ಟವನಿಗೇ ಮರಳುವುದು ರಿಸಲ್ಟಿಂಗ್ ಟ್ರಸ್ಟ್. ಮೊಮ್ಮಗ ತಟ್ಟುತ್ತಿದ್ದ ಬಾಗಿಲು ಅದು. ಯಾರೂ ಟ್ರಸ್ಟ್ ಅಂತ ಬರೆಯದಿದ್ದರೂ, ಸ್ವತ್ತು ಕೈಲಿರುವವನು ಅದನ್ನು ತನ್ನದೆಂದು ಇಟ್ಟುಕೊಳ್ಳುವುದು ಅನ್ಯಾಯ ಎಂದು ಕಂಡಾಗ ಕಾನೂನೇ ಅವನ ಮೇಲೆ ಹೊರಿಸುವುದು ಕನ್‌ಸ್ಟ್ರಕ್ಟಿವ್ ಟ್ರಸ್ಟ್. ಮಕ್ಕಳ ಮೇಲೆ ಹೊರಿಸಬೇಕಿದ್ದದ್ದು ಅದನ್ನು. ಇನ್ನು ಜನರ ಉಪಯೋಗಕ್ಕೆ ಬಿಟ್ಟದ್ದು ಧರ್ಮಾರ್ಥ ಟ್ರಸ್ಟ್. ಮೊದಲ ಎರಡರ ಬೇರು ಇರುವುದು 1882ರ ಇಂಡಿಯನ್ ಟ್ರಸ್ಟ್ಸ್ ಆ್ಯಕ್ಟ್‌ನ 80ರಿಂದ 96ರವರೆಗಿನ ಕಲಂಗಳಲ್ಲಿ. ಆ ಕಾಯ್ದೆ ಸಾರ್ವಜನಿಕ ಧರ್ಮಾರ್ಥಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ ಎಂದು ಅದರ ಮೊದಲ ಕಲಂ ಹೇಳುತ್ತದೆ. ತತ್ವವನ್ನಷ್ಟೇ ಎರವಲು ತರಬೇಕು.

ಮೊದಲ ದಾವೆ, ನನ್ನ ತಪ್ಪು

ಮೊದಲು ಪಂಚಾಯ್ತಿ ಆಯಿತು. ಅರಳಿಕಟ್ಟೆ ಮೇಲೆ ಮೂರು ಗಂಟೆ ಕೂತು, ಕಾಫಿ ಕುಡಿದು, ಜಗಳವಾಡಿ ಎದ್ದರು. ಆಮೇಲೆ ಖಾತೆ ರದ್ದು ಮಾಡಿ ಎಂದು ಅರ್ಜಿ ಕೊಟ್ಟರು. ಖಾತೆಯಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ಕೋರ್ಟಿಗೆ ಹೋಗಿ ಎಂದರು ಕಚೇರಿಯವರು. ಅದು ಸರಿಯಾದ ಮಾತೇ.

2018ರಲ್ಲಿ ನಾನು ಮೂವರು ಊರವರ ಹೆಸರಿನಲ್ಲಿ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ಒಂದು ಸಾಮಾನ್ಯ ದಾವೆ ಹಾಕಿದೆ. ಬರೆದದ್ದು ಹೀಗೆ: ಸ್ವತ್ತು ಮೇಷ್ಟ್ರ ಹೆಸರಿನಲ್ಲಿದೆ, ದುಡ್ಡು ಕೊಟ್ಟವರು ಊರವರು, ಆದ್ದರಿಂದ ಊರವರೇ ನಿಜವಾದ ಮಾಲೀಕರು.

ನಮ್ಮ ಸೀನಿಯರ್ ಒಬ್ಬರು ಬಾರ್ ರೂಮಿನಲ್ಲಿ ಆ ಪ್ರತಿ ಓದಿ ಕನ್ನಡಕ ತೆಗೆದರು. "ಏನಪ್ಪಾ, ಇದು ಬೇನಾಮಿ ಅಂತ ನೀನೇ ಬರೆದುಕೊಟ್ಟಿದ್ದೀಯಲ್ಲ!"

ಅವರು ಹೇಳಿದ್ದು ನಿಜ. ಒಬ್ಬನ ಹೆಸರಿಗೆ ಪತ್ರ, ಇನ್ನೊಬ್ಬನ ದುಡ್ಡು, ಲಾಭವೂ ಆ ಇನ್ನೊಬ್ಬನಿಗೇ ಅಂದರೆ ಅದು ಬೇನಾಮಿ. ಹಿಂದೆ ಟ್ರಸ್ಟ್ಸ್ ಆ್ಯಕ್ಟ್‌ನ 82ನೇ ಕಲಂ ಇತ್ತು. ದುಡ್ಡು ಕೊಟ್ಟವನಿಗೋಸ್ಕರವೇ ಸ್ವತ್ತನ್ನು ಹಿಡಿದಿಟ್ಟುಕೊಂಡಿರಬೇಕು ಎಂದು ಅದು ಹೇಳುತ್ತಿತ್ತು. 1988ರ ಬೇನಾಮಿ ಕಾಯ್ದೆ 81, 82 ಮತ್ತು 94ನೇ ಕಲಂಗಳನ್ನು ತೆಗೆದುಹಾಕಿತು. ಬೇನಾಮಿ ಸ್ವತ್ತನ್ನು ನಿಜವಾದ ಮಾಲೀಕ ನಾನು ಎಂದು ಹೇಳಿಕೊಂಡು ವಾಪಸ್ ಪಡೆಯಲು ದಾವೆ ಹಾಕುವಂತಿಲ್ಲ ಎಂದು ಅದೇ ಕಾಯ್ದೆಯ 4ನೇ ಕಲಂ ಬಾಗಿಲು ಮುಚ್ಚಿತು. ಹಳೆಯ ಪುಸ್ತಕ ಓದಿ ಬೆಳೆದ ನಮ್ಮಂಥವರು ಎಡವುವುದು ಇಲ್ಲೇ. ಮಕ್ಕಳ ವಕೀಲರು ತಡಮಾಡದೆ, ದಾವೆಯನ್ನು ಹೊಸ್ತಿಲಲ್ಲೇ ತಿರಸ್ಕರಿಸಿ ಎಂದು ಸಿಪಿಸಿ (ಸಿವಿಲ್ ದಾವೆ ನಡೆಸುವ ಕ್ರಮದ ಕಾಯ್ದೆ) ಆದೇಶ 7, ನಿಯಮ 11ರ ಅರ್ಜಿ ಹಾಕಿದರು.

ದಾರಿ ಇರಲಿಲ್ಲ ಎಂದಲ್ಲ. ಟ್ರಸ್ಟಿಯಾಗಿ, ಅಥವಾ ಬೇರೆಯವರ ನಂಬಿಕೆಯ ಮೇಲೆ ಅವರಿಗಾಗಿ ಸ್ವತ್ತು ಹಿಡಿದವನಿಗೆ ಬೇನಾಮಿ ಕಾಯ್ದೆಯಲ್ಲೇ ವಿನಾಯಿತಿ ಇದೆ. ಈ ನಂಬಿಕೆಯ ಸಂಬಂಧವನ್ನು ಎಷ್ಟು ವಿಶಾಲವಾಗಿ ನೋಡಬಹುದು ಎಂಬುದಕ್ಕೆ 2012ರ ಮಾರ್ಸೆಲ್ ಮಾರ್ಟಿನ್ಸ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಇದೆ. ಅದು ನಮ್ಮ ಬೆಂಗಳೂರಿನಿಂದಲೇ ಹೋದ ಪ್ರಕರಣ. ಮನೆಯವರೆಲ್ಲ ದುಡ್ಡು ಹಾಕಿದ್ದರು, ಪತ್ರ ಒಬ್ಬರ ಹೆಸರಿಗೆ ಆಗಿತ್ತು. ಆ ಒಬ್ಬರು ಉಳಿದವರ ಪರವಾಗಿಯೂ ನಂಬಿಕೆಯ ಮೇಲೆ ಹಿಡಿದಿದ್ದರು ಎಂದು ಕೋರ್ಟ್ ಹೇಳಿತು. 2019ರಲ್ಲಿ ಪವನ್ ಕುಮಾರ್ ಪ್ರಕರಣದ ತೀರ್ಪೂ ಬಂತು. ಸ್ವತ್ತು ಇಂಥ ವಿನಾಯಿತಿಯೊಳಗೆ ಬರುತ್ತದೋ ಇಲ್ಲವೋ ಎಂಬುದು ಸಾಕ್ಷ್ಯ ನೋಡಿ ತೀರ್ಮಾನಿಸುವ ವಿಷಯ, ಹೊಸ್ತಿಲಲ್ಲೇ ತಳ್ಳಿಹಾಕುವಂತಿಲ್ಲ ಎಂದಿತು. ಅದನ್ನು ಹಿಡಿದುಕೊಂಡು ಹೋರಾಡಬಹುದಿತ್ತು.

ಆದರೆ ಇನ್ನೊಂದು ತೊಡಕಿತ್ತು. ನನ್ನ ದಾವೆಯ ತಿರುಳೇ ತಪ್ಪು. ಊರವರು ಮಾಲೀಕರಲ್ಲ. ರಾಗಿ ಕೊಟ್ಟವನು ಕೊಟ್ಟ ಕ್ಷಣವೇ ಅದರ ಮೇಲಿನ ಹಕ್ಕು ಬಿಟ್ಟಿದ್ದಾನೆ. ‘ನಮ್ಮದು’ ಎಂದರೆ ಮಕ್ಕಳ ‘ನಮ್ಮದು’ಕ್ಕೂ ಇದಕ್ಕೂ ವ್ಯತ್ಯಾಸ ಏನು? ಸ್ವತ್ತು ಯಾರದು ಎಂದು ಕೇಳುವ ಬದಲು ಯಾವುದಕ್ಕಾಗಿ ಕೊಟ್ಟದ್ದು ಎಂದು ಕೇಳಬೇಕಿತ್ತು. ಹಾಗೆ ಕೇಳಿದರೆ ದಾವೆ ಹೋಗಬೇಕಾದ ಕೋರ್ಟೇ ಬೇರೆ.

ದಾವೆ ವಾಪಸ್ ಪಡೆಯೋಣ ಎಂದಾಗ ಊರವರಲ್ಲಿ ಇಬ್ಬರು ನನ್ನ ಮೇಲೆ ಅನುಮಾನಪಟ್ಟರು. ಎದುರು ಪಾರ್ಟಿಯಿಂದ ಏನೋ ತಗೊಂಡಿದ್ದಾನೆ ಅಂತ ಹೋಟೆಲಿನಲ್ಲಿ ಮಾತಾಯಿತಂತೆ. ಒಂದು ಭಾನುವಾರ ಇಡೀ ಕೂತು ವಿವರಿಸಬೇಕಾಯಿತು. ಹೊಸ ದಾವೆ ಹಾಕುವ ಸ್ವಾತಂತ್ರ್ಯ ಉಳಿಸಿಕೊಂಡು, ಆದೇಶ 23, ನಿಯಮ 1(3)ರ ಅಡಿ ಹಿಂತೆಗೆದುಕೊಂಡೆವು. ಆ ಸ್ವಾತಂತ್ರ್ಯ ಕೇಳದೆ ಸುಮ್ನೆ ಹಿಂತೆಗೆದಿದ್ದರೆ ಅದೇ ವಾದಿಗಳು ಅದೇ ವಿಷಯಕ್ಕೆ ಮತ್ತೆ ದಾವೆ ಹಾಕುವಂತಿರಲಿಲ್ಲ. ಈ ಸುತ್ತಿನಲ್ಲಿ ಹದಿನಾಲ್ಕು ತಿಂಗಳು ಹೋಯಿತು.

ಟಿನ್ನಿನ ಟ್ರಂಕು

ಹೊಸ ದಾವೆಗೆ ಸಾಕ್ಷ್ಯ ಬೇಕಿತ್ತು. ‘ಎಲ್ಲರಿಗೂ ಗೊತ್ತು’ ಎಂಬುದು ಕೋರ್ಟಿನಲ್ಲಿ ನಡೆಯುವುದಿಲ್ಲ. ಗೊತ್ತಿದ್ದವರಲ್ಲಿ ಅರ್ಧಕ್ಕರ್ಧ ಜನ ತೀರಿಕೊಂಡಿದ್ದರು.

ಹಾಸ್ಟೆಲಿಗೆ ಅಡುಗೆ ಮಾಡುತ್ತಿದ್ದವರ ಹೆಂಡತಿ ಇನ್ನೂ ಇದ್ದರು, ಎಂಬತ್ತು ದಾಟಿದ ಅಜ್ಜಿ. ಅವರ ಅಟ್ಟದ ಮೇಲಿದ್ದ ಟಿನ್ನಿನ ಟ್ರಂಕಿನಲ್ಲಿ ಅಕ್ಕಿ ಸೀಮೆಎಣ್ಣೆ ಚೀಟಿಗಳ ಕೆಳಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿತು. ಅಂಚನ್ನು ಗೆದ್ದಲು ತಿಂದಿತ್ತು. ಒಳಗೆ ನೀಲಿ ಇಂಕಿನ ದುಂಡನೆಯ ಅಕ್ಷರ. ಒಬ್ಬರ ಹೆಸರಿನ ಮುಂದೆ ‘ರಾಗಿ 20 ಸೇರು’. ಇನ್ನೊಬ್ಬರದು ‘ಕೊಬ್ಬರಿ ಅರ್ಧ ಚೀಲ’. ಒಬ್ಬ ಹೆಣ್ಣುಮಗಳ ಹೆಸರಿನ ಮುಂದೆ ‘ಕೂಲಿ ಎರಡು ದಿನದ್ದು’. ಮೇಷ್ಟ್ರ ಹೆಸರಿನ ಮುಂದೆ 300 ರೂಪಾಯಿ. ಅಷ್ಟು ಕೊಟ್ಟ ಮೇಷ್ಟ್ರು ಬೇರೆ ಯಾರೂ ಇರಲಿಲ್ಲ. ಹನ್ನೊಂದನೇ ಪುಟದಲ್ಲಿ ಒಂದು ಖರ್ಚು: ‘ಜಮೀನು ಕ್ರಯದ ಬಾಬ್ತು 6,500. ಸ್ಟಾಂಪು, ಬರವಣಿಗೆ ಬೇರೆ.’ ತಾರೀಖು ನೋಡಿದೆ. ಕ್ರಯಪತ್ರದ ತಾರೀಖೇ. ಮೊತ್ತವೂ ಅಷ್ಟೇ.

ಪುಸ್ತಕಕ್ಕೆ ಬೈಂಡ್ ಹಾಕಿದ್ದ ಕಾಗದವನ್ನು ಮೊದಲು ನಾನು ಗಮನಿಸಿರಲಿಲ್ಲ. ನನ್ನ ಜೂನಿಯರ್ ಹುಡುಗಿ ಅದನ್ನು ಮೆಲ್ಲಗೆ ಬಿಚ್ಚಿ ತಿರುಗಿಸಿದಳು. ನಾಟಕದ ಕರಪತ್ರ! ಮೇಲೆ ದಪ್ಪ ಅಕ್ಷರದಲ್ಲಿ ‘ಉಚಿತ ವಿದ್ಯಾರ್ಥಿ ನಿಲಯದ ಸಹಾಯಾರ್ಥ’. ದುಡ್ಡು ಯಾವುದಕ್ಕೆ ಎತ್ತಿದ್ದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ದಾಖಲೆ ನನಗೆ ಬೇಕಿರಲಿಲ್ಲ.

ಮೂವತ್ತು ವರ್ಷ ದಾಟಿದ ದಾಖಲೆ ಸರಿಯಾದ ಸುಪರ್ದಿನಿಂದ ಬಂದರೆ ಅದರ ಕೈಬರಹವನ್ನು ನಿಜವೆಂದು ಊಹಿಸಲು ಆಗಿನ ಸಾಕ್ಷ್ಯ ಕಾಯ್ದೆಯ 90ನೇ ಕಲಂ ಕೋರ್ಟಿಗೆ ಅವಕಾಶ ಕೊಟ್ಟಿತ್ತು. ಅಡುಗೆಯವರ ಮನೆ ಸರಿಯಾದ ಸುಪರ್ದೇ? ಮಕ್ಕಳ ವಕೀಲರು ಈ ತಕರಾರು ಎತ್ತುತ್ತಾರೆ ಎಂದು ಎರಡು ರಾತ್ರಿ ಕೂತು ತಯಾರಿ ಮಾಡಿದೆ. ಅದು ಬೇಕಾಗಲೇ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಲಂ 92

ಸಿಪಿಸಿಯ 92ನೇ ಕಲಂ ಸಾರ್ವಜನಿಕ ಧರ್ಮಾರ್ಥಗಳಿಗೆಂದೇ ಇರುವುದು. ಮಹಾರಾಷ್ಟ್ರದಲ್ಲಿರುವ ಹಾಗೆ ಧರ್ಮಾರ್ಥ ಟ್ರಸ್ಟ್‌ಗಳನ್ನು ನೋಡಿಕೊಳ್ಳುವ ಚಾರಿಟಿ ಕಮಿಷನರ್ ಎಂಬ ಕಚೇರಿ ನಮ್ಮ ಕಡೆ ಇಲ್ಲದ್ದರಿಂದ ಇಂಥ ಪ್ರಕರಣಗಳಿಗೆ ಇದೇ ಮುಖ್ಯ ದಾರಿ. ಹಾಕಬೇಕಾದ್ದು ಜಿಲ್ಲಾ ನ್ಯಾಯಾಲಯದಲ್ಲಿ. ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಹಾಕಬಹುದು, ಇಲ್ಲವೇ ಆ ಟ್ರಸ್ಟಿನಲ್ಲಿ ಆಸಕ್ತಿಯಿರುವ ಇಬ್ಬರು ಅಥವಾ ಹೆಚ್ಚು ಜನ ಕೋರ್ಟಿನ ಅನುಮತಿ ಪಡೆದು ಹಾಕಬಹುದು. ಟ್ರಸ್ಟಿಯನ್ನು ತೆಗೆಯಿರಿ, ಹೊಸಬರನ್ನು ನೇಮಿಸಿ, ಲೆಕ್ಕ ಕೊಡಿಸಿ, ಸ್ಕೀಮ್ (ಟ್ರಸ್ಟನ್ನು ಹೇಗೆ ನಡೆಸಬೇಕು ಎಂಬ ಯೋಜನೆ) ಮಾಡಿ ಎಂದು ಕೇಳಬಹುದು. ನಮಗೆ ಮುಖ್ಯವಾದದ್ದು ಆ ಕಲಂನ ಮೊದಲ ಸಾಲಿನ ಒಂದು ಮಾತು. ಬರೆದುಕೊಟ್ಟ ಟ್ರಸ್ಟ್ ಇರಲಿ, ಕನ್‌ಸ್ಟ್ರಕ್ಟಿವ್ ಟ್ರಸ್ಟ್ ಇರಲಿ, ಎರಡಕ್ಕೂ ಅನ್ವಯಿಸುತ್ತದೆ ಎಂದು ಅದು ಹೇಳುತ್ತದೆ. ಟ್ರಸ್ಟ್ ಡೀಡ್ ಇಲ್ಲ ಎಂಬ ಭಯ ಅಲ್ಲಿಗೆ ಹೋಯಿತು.

ವಾದಿಗಳು ಯಾರಾಗಬೇಕು ಎಂಬುದರಲ್ಲಿ ಬಹಳ ತಲೆ ಕೆಡಿಸಿಕೊಂಡೆ. ಮುಂದಾಳತ್ವ ವಹಿಸಿದ್ದವರಿಗೆ ಆ ಜಾಗದ ಪಕ್ಕದಲ್ಲೇ ಸೈಟಿತ್ತು, ದಾರಿಯ ತಕರಾರೂ ಇತ್ತು. "ಅದನ್ನೂ ಇದರಲ್ಲೇ ಒಂದು ಪ್ಯಾರಾ ಸೇರಿಸಿಬಿಡಿ ಸಾರ್" ಎಂದರು. ಆಗಲ್ಲ ಎಂದೆ. 92ರ ದಾವೆ ಸಾರ್ವಜನಿಕ ಹಕ್ಕಿಗೆ ಮಾತ್ರ, ಸ್ವಂತದ ಜಗಳ ಬೆರೆತರೆ ಅನುಮತಿ ಸಿಗುವುದಿಲ್ಲ. 2008ರ ವಿದ್ಯೋದಯ ಟ್ರಸ್ಟ್ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿದೆ. ಅವರು ಮುನಿಸಿಕೊಂಡು ಹೊರಗುಳಿದರು. ಕೊನೆಗೆ ವಾದಿಗಳಾದವರು ಆ ಹಾಸ್ಟೆಲಿನಲ್ಲಿ ಓದಿದ ಒಬ್ಬ ನಿವೃತ್ತ ಲೈನ್‌ಮನ್, ಮತ್ತು ‘ಕೂಲಿ ಎರಡು ದಿನದ್ದು’ ಕೊಟ್ಟ ಆ ಹೆಣ್ಣುಮಗಳ ಮಗಳು.

2019ರ ಕೊನೆಯಲ್ಲಿ ಅನುಮತಿ ಅರ್ಜಿ ಹಾಕಿದೆವು. ಯಥಾಸ್ಥಿತಿ ಆದೇಶ ಬೇಗ ಸಿಕ್ಕಿತು. ಆಮೇಲೆ ಕೊರೊನಾ. ಅನುಮತಿ ಸಿಕ್ಕಿದ್ದು 2021ರಲ್ಲಿ.

ಏನಾಯಿತು

ಲೇಔಟಿನವರು ‘ನಾನು ತಿಳಿಯದೆ ಕೊಂಡವನು’ ಎಂಬ ಗುರಾಣಿ ಹಿಡಿದು ಬಂದರು. ಟ್ರಸ್ಟ್ ಸ್ವತ್ತೆಂದು ಗೊತ್ತಿಲ್ಲದೆ, ಒಳ್ಳೆಯ ನಂಬಿಕೆಯಿಂದ, ದುಡ್ಡು ಕೊಟ್ಟು ಕೊಂಡವನಿಗೆ ರಕ್ಷಣೆ ಇರುವುದು ನಿಜ. ಆದರೆ ಅವರದು ಬರೀ ಅಗ್ರಿಮೆಂಟು. ಕ್ರಯದ ಕರಾರಿನಿಂದ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಹೇಳುತ್ತದೆ. ಸಾಲದ್ದಕ್ಕೆ, ಗೇಟಿನ ಮೇಲಿನ ಕಮಾನಿನಲ್ಲಿ ‘ಉಚಿತ ವಿದ್ಯಾರ್ಥಿ ನಿಲಯ’ ಎಂದು ಸಿಮೆಂಟಿನ ಅಕ್ಷರ ಹಾಗೇ ಇತ್ತು. ‘ವಿ’ ಮಾತ್ರ ಉದುರಿತ್ತು. ಅದರ ಫೋಟೋ ಹಾಕಿದೆವು. ಅವರು ಅಡ್ವಾನ್ಸ್ ವಾಪಸ್ ತೆಗೆದುಕೊಂಡು ಹೊರಟರು.

ಮೊಮ್ಮಗನ ವಾದ ಹೆಚ್ಚು ಗಟ್ಟಿಯಾಗಿತ್ತು. ಅದನ್ನು ಸೋಲಿಸಿದ್ದು ಅವರ ತಾತನ ದಾನಪತ್ರವೇ. ಕೊನೆಯಲ್ಲಿ ಒಂದು ಸಾಲಿತ್ತು: ‘ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನಾನಾಗಲಿ ನನ್ನ ವಾರಸುದಾರರಾಗಲಿ ಯಾವ ಹಕ್ಕನ್ನೂ ಸಾಧಿಸತಕ್ಕದ್ದಲ್ಲ.’ ಪತ್ರ ಬರೆಯುವವರು ಎಲ್ಲ ದಾನಪತ್ರಕ್ಕೂ ಕಣ್ಣು ಮುಚ್ಚಿಕೊಂಡು ಬರೆಯುವ ಸಾಲು ಇದು. ಇಲ್ಲಿ ಅದೇ ತೂಕದ್ದಾಯಿತು. ಶುರುವಿನಿಂದಲೇ ಹಾಸ್ಟೆಲ್ ನಡೆಯದೇ ಹೋಗಿದ್ದರೆ ಕಥೆ ಬೇರೆ ಇರಬಹುದಿತ್ತು. ಇದು ಇಪ್ಪತ್ತೈದು ವರ್ಷ ನಡೆದು ನಿಂತದ್ದು. ಪೂರ್ತಿ ಧರ್ಮಕ್ಕೆ ಬಿಟ್ಟ ಸ್ವತ್ತು ಆಮೇಲೆ ಉದ್ದೇಶ ನಿಂತುಹೋಯಿತೆಂದು ಕೊಟ್ಟವರ ಮನೆಗೆ ಮರಳುವುದಿಲ್ಲ, ಹತ್ತಿರದ ಇನ್ನೊಂದು ಉದ್ದೇಶಕ್ಕೆ ತಿರುಗುತ್ತದೆ. ವಕೀಲರು ಇದನ್ನು ಸೈಪ್ರೆ ಎನ್ನುತ್ತಾರೆ. 92ನೇ ಕಲಂನ ಮೂರನೇ ಉಪಕಲಂನಲ್ಲಿ ಇದೆ. ಅದೇ ಅಗತ್ಯ ಬೇರೆ ಕಡೆಯಿಂದ ಸಾಕಷ್ಟು ಪೂರೈಕೆ ಆಗುತ್ತಿದ್ದರೂ ಉದ್ದೇಶ ಬದಲಿಸಬಹುದು ಎನ್ನುತ್ತದೆ. ಸರ್ಕಾರಿ ಹಾಸ್ಟೆಲ್‌ಗಳು ಬಂದದ್ದು ಅದೇ ಅಲ್ವಾ?

ಮಕ್ಕಳ ವಿಷಯ ತೀರ್ಮಾನವಾದದ್ದು ವಿಚಾರಣೆಯಲ್ಲಿ ಅಲ್ಲ, ಮಧ್ಯಸ್ಥಿಕೆಯ ಕೋಣೆಯಲ್ಲಿ. ಲೆಕ್ಕದ ಪುಸ್ತಕವನ್ನು ಮೇಜಿನ ಮೇಲಿಟ್ಟೆವು. ಹಿರಿಯ ಮಗ ಮುಟ್ಟಲಿಲ್ಲ. ಕಿರಿಯವರು ಪುಟ ತಿರುವುತ್ತಾ ಹೋದರು, 300 ರೂಪಾಯಿ ಬರೆದ ಕಡೆ ನಿಂತರು. "ಅಣ್ಣಾ, ಇದು ಅಪ್ಪನ ಅಕ್ಷರ" ಎಂದರು. ಅಷ್ಟೇ. 90ನೇ ಕಲಂ ಬಗ್ಗೆ ನಾನು ಮಾಡಿಕೊಂಡ ಟಿಪ್ಪಣಿ ಫೈಲಿನಲ್ಲೇ ಉಳಿಯಿತು.

ಬಾಡಿಗೆಯ ಲೆಕ್ಕಕ್ಕೆ ಮಾತ್ರ ಎರಡು ಸಿಟ್ಟಿಂಗ್ ಬೇಕಾಯಿತು. ನಂಬಿಕೆಯ ಸ್ಥಾನದಲ್ಲಿದ್ದವನು ಆ ಸ್ಥಾನದಿಂದ ಪಡೆದ ಲಾಭವನ್ನು ತನ್ನ ಹತ್ತಿರ ಇಟ್ಟುಕೊಳ್ಳುವಂತಿಲ್ಲ ಎಂಬುದು ಟ್ರಸ್ಟ್ಸ್ ಆ್ಯಕ್ಟ್‌ನ 88ನೇ ಕಲಂನ ತತ್ವ. ಹಾಗೆಯೇ ಸ್ವತ್ತಿಗಾಗಿ ಮಾಡಿದ ಖರ್ಚನ್ನು ಅವನು ವಾಪಸ್ ಪಡೆಯಬಹುದು ಎಂಬುದೂ ಇದೆ. ಕಂದಾಯ ಕಟ್ಟಿದ್ದು, ಹೆಂಚು ತೆಗೆಸಿ ಶೀಟ್ ಹಾಕಿಸಿದ್ದು, ಎಲ್ಲ ಕಳೆದು ಉಳಿದದ್ದನ್ನು ಮೂರು ಕಂತಿನಲ್ಲಿ ಕಟ್ಟಲು ಒಪ್ಪಿದರು. ಊರವರಲ್ಲಿ ಕೆಲವರಿಗೆ ಬಡ್ಡಿ ಬೇಕಿತ್ತು. ಅಮ್ಮನ ಬಳೆಯ ಲೆಕ್ಕ ಯಾರು ಕೊಡುತ್ತಾರೆ ಎಂದು ನಾನೇ ಕೇಳಿದೆ. ಸುಮ್ಮನಾದರು. ನನ್ನ ಕಕ್ಷಿದಾರರನ್ನೇ ಹೀಗೆ ಕೇಳಿದ್ದು ವೃತ್ತಿಗೆ ಸರಿಯೋ ತಪ್ಪೋ, ಈಗಲೂ ಹಾಗೇ ಕೇಳುತ್ತೇನೆ.

ಇಲ್ಲಿ ಒಂದು ವಿಷಯ ಕಿರಿಯ ವಕೀಲರಿಗೆ. 92ರ ದಾವೆಯಲ್ಲಿ ಎರಡೂ ಕಡೆಯವರು ಕೈ ಕುಲುಕಿದ ಮಾತ್ರಕ್ಕೆ ರಾಜಿ ಆಗುವುದಿಲ್ಲ. ಆದೇಶ 23, ನಿಯಮ 3ಬಿ ಪ್ರಕಾರ ಕೋರ್ಟಿನ ಅನುಮತಿ ದಾಖಲಾಗಬೇಕು, ಇಲ್ಲದಿದ್ದರೆ ರಾಜಿ ಅನೂರ್ಜಿತ. ಆ ಕೋಣೆಯಲ್ಲಿ ಇಲ್ಲದ ಸಾರ್ವಜನಿಕರ ಸ್ವತ್ತು ಅದು, ಹಾಗಾಗಿ.

ಹೊಸ ಉದ್ದೇಶದ ಬಗ್ಗೆ ಊರಿನಲ್ಲಿ ಮತ್ತೆ ಜಗಳ. ಅರ್ಧ ಜನರಿಗೆ ಕಲ್ಯಾಣ ಮಂಟಪ ಬೇಕು, ಆದಾಯ ಜಾಸ್ತಿ ಎಂದು. ಹಾಸ್ಟೆಲಿಗೂ ಮದುವೆ ಮನೆಗೂ ಎಲ್ಲಿಯ ನಂಟು? ಸ್ಕೀಮಿನ ಕರಡಿನಲ್ಲಿ ಅದನ್ನು ನಾನು ಸೇರಿಸಲಿಲ್ಲ. 2023ರಲ್ಲಿ ಡಿಕ್ರಿ ಆಯಿತು. ಹಳೆಯ ಕಟ್ಟಡದಲ್ಲಿ ವಾಚನಾಲಯ, ರಾತ್ರಿ ಹತ್ತರವರೆಗೆ ಓದುವ ಕೋಣೆ, ರಸ್ತೆ ಕಡೆಯ ಬಾಡಿಗೆಯಿಂದ ಕಾಲೇಜು ಹುಡುಗಿಯರಿಗೆ ಫೀಸಿನ ನೆರವು. ಐವರು ಟ್ರಸ್ಟಿಗಳು, ಅದರಲ್ಲಿ ಒಂದು ಸ್ಥಾನ ಮೇಷ್ಟ್ರ ಮನೆಯವರಿಗೆ. ಕಿರಿಯ ಮಗ ಈಗ ಖಜಾಂಚಿ.

ಆಮೇಲೆ

ಇಂಥ ಪ್ರಕರಣ ಬಂದರೆ ಈಗ ನಾನು ಮೊದಲು ಪಹಣಿ ಕೇಳುವುದಿಲ್ಲ. ದುಡ್ಡು ಎತ್ತಿದ ರಸೀದಿ, ಕರಪತ್ರ, ಲೆಕ್ಕದ ಪುಸ್ತಕ ಎಲ್ಲಿವೆ ಎಂದು ಕೇಳುತ್ತೇನೆ. ಕೊಟ್ಟ ಪತ್ರ ಇದ್ದರೆ ಕೊನೆಯ ಸಾಲು ಓದುತ್ತೇನೆ. ‘ಉದ್ದೇಶ ನಿಂತರೆ ಸ್ವತ್ತು ನಮಗೇ ಮರಳತಕ್ಕದ್ದು’ ಎಂದಿದ್ದರೆ ಮೊಮ್ಮಗನೇ ಗೆಲ್ಲಬಹುದು. ಬದುಕಿರುವ ಕಾರ್ಯದರ್ಶಿಯ ಹೆಸರಿನಲ್ಲಿ ಊರಿನ ಸ್ವತ್ತು ಇದ್ದರೆ, ಅವರು ಇರುವಾಗಲೇ ಟ್ರಸ್ಟ್ ಡೀಡ್ ಮಾಡಿಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ ಎಂದು ಹೇಳುತ್ತೇನೆ. ಕೇಳಿದವರು ಹೂಂ ಅನ್ನುತ್ತಾರೆ, ಮಾಡಿಸುವವರು ಕಡಿಮೆ.

ಒಂದು ಕೆಲಸ ಬಾಕಿ ಉಳಿದಿದೆ. ಟೈರ್ ಅಂಗಡಿಯವರು ಹಳೆಯ ಬಾಡಿಗೆಯಲ್ಲೇ ಇದ್ದಾರೆ, ಹೆಚ್ಚಿಸಲು ಒಪ್ಪುತ್ತಿಲ್ಲ. ಟ್ರಸ್ಟಿಗೆ ಹೊರಗಿನವರಾದ ಅವರನ್ನು 92ರ ದಾವೆಯಲ್ಲಿ ಬಿಡಿಸಲು ಬರುವುದಿಲ್ಲ. ಅದಕ್ಕೆ ಬೇರೆ ದಾವೆ ಹಾಕಿದ್ದೇವೆ. ಈ ಸಲ ವಾದಿ ಟ್ರಸ್ಟ್. ಸಹಿ ಹಾಕಿದವರು ಮೇಷ್ಟ್ರ ಕಿರಿಯ ಮಗ.